ನಾಲ್ಕು ಪುಟ ಪಕ್ಕಕ್ಕಿಟ್ಟ ದಿನ

ಉತ್ತರ ಕರ್ನಾಟಕದ ಬಾನುಲಿ ನಿಲಯವೊಂದರಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದೆ. ಯುವಕರ ಕಾರ್ಯಕ್ರಮ ನನ್ನ ಪಾಲಿಗೆ ಬಂದಿತ್ತು. ಮಕ್ಕಳು ಬರೆದು ತಂದಿದ್ದನ್ನು ನಾನು ತಿದ್ದುತ್ತಿದ್ದೆ, ಆಮೇಲೆ ಅವರಿಂದ ಓದಿಸುತ್ತಿದ್ದೆ. ಅದೇ ಸರಿ ಅಂದುಕೊಂಡಿದ್ದೆ.

ಒಮ್ಮೆ ಪದವಿ ಓದುವ ಹುಡುಗಿಯೊಬ್ಬಳು ‘ಗ್ರಾಮೀಣ ಯುವಜನತೆಯ ಸವಾಲುಗಳು’ ಅಂತ ನಾಲ್ಕು ಪುಟ ಬರೆದುಕೊಂಡು ಬಂದಳು. ಮೈಕ್ ಮುಂದೆ ಕೂತಳೋ ಇಲ್ಲವೋ, ದನಿ ಬಿಗಿಯಿತು. ಕಾಗದದ ಸರಸರ ಸದ್ದೇ ಜಾಸ್ತಿ ಕೇಳುತ್ತಿತ್ತು. ಮೂರು ಟೇಕ್ ಆಯಿತು. ‘ಸಾಕು, ನೀರು ಕುಡಿಯವ್ವಾ’ ಅಂದೆ. ಲೋಟ ಕೆಳಗಿಡುತ್ತಾ ತಾನೇ ಹೇಳತೊಡಗಿದಳು: ‘ಮೇಡಂ, ನಮ್ಮೂರಿಗೆ ಇರೋದ ಒಂದ ಬಸ್ಸು. ಅದು ತಪ್ಪಿತಂದ್ರ ಅವತ್ತ ಕಾಲೇಜಿಲ್ಲ. ಮನ್ಯಾಗ, ಓದಿದ್ದು ಸಾಕು ಬಿಡು ಅಂತಾರ.’

ಸವಾಲು ಅಂದರೆ ಅದೇ ಅಲ್ವಾ! ಅವಳ ಒಪ್ಪಿಗೆ ಪಡೆದು, ಪುಟಗಳನ್ನು ಪಕ್ಕಕ್ಕಿಟ್ಟು, ಅದನ್ನೇ ಮೊದಲಿನಿಂದ ಹೇಳಿಸಿದೆ. ಹನ್ನೆರಡು ನಿಮಿಷ, ಒಂದೇ ಟೇಕ್. ಒಂದು ಮಾತನ್ನೂ ತಿದ್ದಲಿಲ್ಲ. ಆಕಾಶವಾಣಿಯ ಮಂಗಳೂರು ನಿಲಯ ತುಳು, ಕೊಂಕಣಿಯಲ್ಲಿ, ಮಡಿಕೇರಿ ನಿಲಯ ಕೊಡವ ಭಾಷೆಯಲ್ಲಿ ಮಾತಾಡುತ್ತವೆ. ನಮ್ಮ ಜವಾರಿ ಕನ್ನಡಕ್ಕೆ ನಾನ್ಯಾಕೆ ಅಂಜಬೇಕಿತ್ತು? ದೆಹಲಿಯಲ್ಲಿ 1969ರಲ್ಲಿ ಆಕಾಶವಾಣಿಯ ಯುವಜನರ ಸೇವೆ ‘ಯುವವಾಣಿ’ ಶುರುವಾದಾಗಲೂ ಯುವಕರೇ ಯುವಕರ ಜೊತೆ ಮಾತಾಡಲಿ ಅನ್ನೋದೇ ಆಸೆಯಾಗಿತ್ತು.

ಪ್ರಸಾರವಾದ ಸಂಜೆ ಹಾಸ್ಟೆಲಿನಲ್ಲಿದ್ದ ಅವಳ ಗೆಳತಿಯರು ಕೇಳಲೇ ಇಲ್ಲ. ಅಲ್ಲಿ ರೇಡಿಯೋ ಸೆಟ್ಟೇ ಇಲ್ಲ. ಆಕಾಶವಾಣಿ ಕೇಳಿಸುವ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ನಮ್ಮ ನಿಲಯ ಸಿಗುತ್ತೆ, ಆದರೆ ಅದೇ ಹೊತ್ತಿಗೆ ಕಾದು ಕೂರೋರು ಯಾರು? ‘ಕ್ಲಿಪ್ ಕಳಸ್ರಿ ಮೇಡಂ’ ಅಂದರು. ಅಧಿಕಾರಿಗಳನ್ನು ಕೇಳಿ ಬಸ್ಸಿನ ಭಾಗವನ್ನಷ್ಟೇ ಮೂರು ನಿಮಿಷಕ್ಕೆ ಕತ್ತರಿಸಿ ಕಳಿಸಿದೆ. ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಯಿತು. ಪಕ್ಕದ ಊರಿನ ಹುಡುಗರು ‘ನಮ್ಮದೂ ಇದೇ ಕಥಿ’ ಅಂತ ದನಿ ಮುದ್ರಿಸಿ ಕಳಿಸಿದರು. ಅವನ್ನೂ ಪ್ರಸಾರಕ್ಕೆ ತೆಗೆದುಕೊಂಡೆವು.

ಹಳ್ಳಿ ಬಸ್ಸಿನ ಕಷ್ಟಕ್ಕೆ ಜಾಹೀರಾತು ಸಿಗೋದಿಲ್ಲ. ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಕೊಡುವ ಅನುಮತಿಯೂ ಇಲ್ಲ. ಜನರ ದುಡ್ಡಿನಲ್ಲಿ ನಡೆಯುವ ಬಾನುಲಿ ಇದನ್ನು ಕೇಳಿಸದಿದ್ದರೆ ಇನ್ಯಾರು ಕೇಳಿಸಬೇಕು?

ಮುಂದಿನ ಕಂತಿಗೆ ಬಸ್ ಡಿಪೋದ ಅಧಿಕಾರಿಯೊಬ್ಬರನ್ನು ಕರೆದೆವು. ನಾನು ಗಾಜಿನ ಈಚೆ ಕೂತೆ, ಒಳಗೆ ಮೈಕ್ ಮುಂದೆ ಅವಳು. ಕೈಯಲ್ಲಿ ಕಾಗದ ಇರಲಿಲ್ಲ. ಕೆಂಪು ದೀಪ ಹತ್ತಿದ ಕೂಡಲೇ ಕೇಳಿದಳು: ‘ಸರ್, ನಮ್ಮೂರಿಗೆ ಇನ್ನೊಂದ ಬಸ್ಸು ಯಾಕ ಬಿಡಂಗಿಲ್ರಿ?’