ಎಣ್ಣೆಮರಗಳ ಗುಡ್ಡ ಇಳಿಯುತ್ತಾ: ಒಂದೇ ಪ್ರವಾದನೆ, ಎರಡು ನಿರೀಕ್ಷೆ

ಜೆರುಸಲೇಮಿನ ಎಣ್ಣೆಮರಗಳ ಗುಡ್ಡವನ್ನು ಹತ್ತಲು ಹೋಗಬೇಡಿ, ಇಳಿಯಿರಿ. ನೆತ್ತಿಯವರೆಗೆ ಟ್ಯಾಕ್ಸಿಯಲ್ಲಿ ಹೋದರೆ, ಅಲ್ಲಿಂದ ಗೆತ್ಸೇಮನೆ ತೋಟಕ್ಕೆ ಕಾಲ್ನಡಿಗೆಯಲ್ಲಿ ಒಂದು ಕಿಲೋಮೀಟರೂ ಆಗದು. ಆದರೆ ದಾರಿ ತೀರಾ ಕಡಿದು, ನೆಲ ಸವೆದು ನುಣುಪಾಗಿದೆ. ಹಿಡಿತವಿಲ್ಲದ ಚಪ್ಪಲಿ ಜಾರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೇ ಹೊರಡಬೇಕು. ಆಗ ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಕೋಟೆಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಮಧ್ಯಾಹ್ನ ಕಳೆದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ.

ಗುಂಪು ಪ್ರವಾಸಗಳವರು ಇಲ್ಲಿ ಚಿನ್ನದ ಗುಮ್ಮಟದ ಫೋಟೊಕ್ಕೆ ಬೇಕಾದಷ್ಟೇ ಸಮಯ ಕೊಟ್ಟು ಎಲ್ಲರನ್ನೂ ಬಸ್ಸಿಗೆ ತುಂಬುತ್ತಾರೆ. ಇದು ದೊಡ್ಡ ಅನ್ಯಾಯ. ದೇವರು ಕಳುಹಿಸುವ ಉದ್ಧಾರಕನಾದ ಮೆಸ್ಸೀಯ ಬರುತ್ತಾನೆಂದು ಕಾದಿರುವ ಯೆಹೂದ್ಯರು, ಅವನು ಬಂದದ್ದಾಯಿತು ಎನ್ನುವ ಕ್ರೈಸ್ತರು, ಇಬ್ಬರ ನಂಬಿಕೆಯೂ ಈ ಒಂದೇ ಇಳಿಜಾರಿನಲ್ಲಿ ಗೋಡೆಯ ಆಚೆ ಈಚೆ ಇದೆ.

ಇಳಿಯುವಾಗ ಎಡಕ್ಕೆ ಯೆಹೂದ್ಯರ ಸ್ಮಶಾನ. ಸಾವಿರಾರು ಕಲ್ಲುಗೋರಿಗಳು, ಹೂವಿಲ್ಲ, ಹಸಿರಿಲ್ಲ. ಬಂದುಹೋದವರು ಗೋರಿಯ ಮೇಲೆ ಇಟ್ಟ ಸಣ್ಣ ಕಲ್ಲುಗಳಷ್ಟೇ. ಹೂಳುವಾಗ ಕಾಲನ್ನು ಹಿಂದೆ ಯೆಹೂದ್ಯರ ದೇವಾಲಯವಿದ್ದ ಎದುರಿನ ಗುಡ್ಡದ ಕಡೆಗೆ ಮಾಡುತ್ತಾರೆ, ಸತ್ತವರು ಮತ್ತೆ ಎದ್ದ ಕೂಡಲೇ ಅತ್ತ ನಡೆಯಬಹುದೆಂದು. ಕೊನೆಯ ದಿನ ಕರ್ತನ ಪಾದಗಳು ಇದೇ ಗುಡ್ಡದ ಮೇಲೆ ನಿಲ್ಲುತ್ತವೆ ಎನ್ನುತ್ತಾನೆ ಬೈಬಲಿನ ಪ್ರವಾದಿ ಜೆಕರ್ಯ (14:4). ಆ ಜೆಕರ್ಯನದೆಂದು ಪರಂಪರೆ ಹೇಳುವ ಗುಹಾಸಮಾಧಿಯೂ ಇಲ್ಲೇ ಇದೆ, ಹಗ್ಗಾಯ ಮತ್ತು ಮಲಾಕಿಯರ ಹೆಸರಿನ ಜೊತೆಗೆ. ಅರ್ಧವೃತ್ತಾಕಾರದ ಓಣಿ, ಗೋಡೆಯಲ್ಲಿ ಕೊರೆದ ಶವಗೂಡುಗಳು, ಒಳಗೆ ಕಗ್ಗತ್ತಲು. ಟಾರ್ಚ್ ಬೇಕೇ ಬೇಕು. ಗೂಡುಗಳ ರಚನೆ ಪ್ರವಾದಿಗಳ ಕಾಲಕ್ಕಿಂತ ಶತಮಾನಗಳಷ್ಟು ಈಚಿನದು, ಆದರೂ ಭಕ್ತರು ಬರುವುದು ನಿಂತಿಲ್ಲ.

ಅದೇ ಜೆಕರ್ಯ ಇನ್ನೊಂದು ಮಾತನ್ನೂ ಹೇಳಿದ್ದಾನೆ: ಅರಸನು ದೀನನಾಗಿ, ಕತ್ತೆಯನ್ನೇರಿ ಬರುತ್ತಾನೆ (9:9). ಯೇಸು ಈ ಗುಡ್ಡದಿಂದ ಕತ್ತೆಮರಿಯ ಮೇಲೆ ಊರಿಗಿಳಿದಾಗ ಆ ಮಾತು ಈಡೇರಿತು ಎಂಬುದು ಕ್ರೈಸ್ತರ ನಂಬಿಕೆ. ಗರಿಗಳ ಭಾನುವಾರ ಬೇತ್ಫಗೆಯಿಂದ ಹೊರಡುವ ಮೆರವಣಿಗೆ ಈ ಗುಡ್ಡವನ್ನೇ ಇಳಿದು ನಗರ ಸೇರುತ್ತದೆ. ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್ ಇದನ್ನು ಓದುವುದು ಬೇರೆ ರೀತಿ. ಜನ ಯೋಗ್ಯರಾಗಿದ್ದರೆ ಮೆಸ್ಸೀಯ ದಾನಿಯೇಲ ಕಂಡಂತೆ ಮೇಘಗಳ ಜೊತೆ ಬರುತ್ತಾನೆ, ಅಯೋಗ್ಯರಾಗಿದ್ದರೆ ಕತ್ತೆಯ ಮೇಲೆ. ಕ್ರೈಸ್ತರಿಗೆ ಇವು ಒಬ್ಬನದೇ ಎರಡು ಬರುವಿಕೆಗಳು.

ಅರ್ಧ ದಾರಿಯಲ್ಲಿ ದೋಮಿನುಸ್ ಫ್ಲೆವಿತ್ ಇದೆ, ಯೇಸು ನಗರವನ್ನು ನೋಡಿ ಅತ್ತ ನೆನಪಿನ ಪ್ರಾರ್ಥನಾಲಯ. ವಾಸ್ತುಶಿಲ್ಪಿ ಬಾರ್ಲುಜ್ಜಿ 1955ರಲ್ಲಿ ಇದನ್ನು ಕಣ್ಣೀರಹನಿಯ ಆಕಾರದಲ್ಲಿ ಕಟ್ಟಿಸಿದ. ಇಡೀ ಗುಡ್ಡದಲ್ಲಿ ಇದರಷ್ಟು ಚೆಂದದ ಕಟ್ಟಡ ಇನ್ನೊಂದಿಲ್ಲ. ಪೀಠದ ಹಿಂದೆ ಪಶ್ಚಿಮಕ್ಕೊಂದು ಕಮಾನಿನ ಕಿಟಕಿ, ಅದರಾಚೆ ನಗರ. ಪೀಠದ ಮುಂಭಾಗದ ಮೊಸಾಯಿಕ್‌ನಲ್ಲಿ ರೆಕ್ಕೆ ಬಿಚ್ಚಿ ಮರಿಗಳನ್ನು ಕರೆಯುವ ಕೋಳಿ. ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯಲು ಎರಡು ಗಂಟೆಗೂ ಹೆಚ್ಚು ಬೇಕು, ಹೊರಗೆ ನೆರಳೂ ಕಡಿಮೆ. ತಡವಾಗಿ ಹೊರಟವರು ಸಿಕ್ಕಿಬೀಳುವುದು ಇಲ್ಲೇ.

ಎದುರಿನ ಗೋಡೆಯಲ್ಲಿ ಕಲ್ಲಿಟ್ಟು ಮುಚ್ಚಿದ ಜೋಡಿ ಕಮಾನು ಕಾಣುತ್ತದಲ್ಲ, ಅದೇ ಸ್ವರ್ಣದ್ವಾರ. ಒಟ್ಟೊಮನ್ ಸುಲ್ತಾನ ಸುಲೇಮಾನ್ 1541ರಲ್ಲಿ ಮುಚ್ಚಿಸಿದ್ದು. ಇದರ ಮೂಲಕ ಬರಲಿರುವ ಮೆಸ್ಸೀಯನನ್ನು ತಡೆಯಲೆಂದೇ ಮುಚ್ಚಿಸಿದ ಎಂಬುದು ಗೈಡುಗಳ ಅಚ್ಚುಮೆಚ್ಚಿನ ಕಥೆ. ಕೋಟೆ ಕಾವಲಿನ ಕಾರಣವೇ ಹೆಚ್ಚು ನಂಬುವಂತಿದೆ. ಹೊರಬದಿಗೆ ಮುಸ್ಲಿಮರ ಸ್ಮಶಾನವಿದೆ, ದೂರದಿಂದ ನೋಡುವುದೇ ಸರಿ.

ಇಬ್ಬರ ಭಿನ್ನಾಭಿಪ್ರಾಯದ ಮೂಲ ಈ ಗುಡ್ಡದ ಮೇಲೆ ಚೆನ್ನಾಗಿ ಅರ್ಥವಾಗುತ್ತದೆ. 12ನೇ ಶತಮಾನದ ಯೆಹೂದ್ಯ ವಿದ್ವಾಂಸ ಮೈಮೊನಿಡಿಸ್ ಮೆಸ್ಸೀಯನನ್ನು ಗುರುತಿಸುವ ಪರೀಕ್ಷೆಯನ್ನು ಖಚಿತವಾಗಿ ಬರೆದಿಟ್ಟ: ದಾವೀದನ ವಂಶದ ಅರಸ ದೇವಾಲಯವನ್ನು ಮತ್ತೆ ಕಟ್ಟಿ, ಚದುರಿದ ಇಸ್ರಾಯೇಲ್ಯರನ್ನು ಒಟ್ಟುಗೂಡಿಸಿದರೆ ಅವನೇ ಮೆಸ್ಸೀಯ, ಗೆಲ್ಲದೆ ಹೋದರೆ, ಕೊಲ್ಲಲ್ಪಟ್ಟರೆ, ಅವನಲ್ಲ. ರೋಮನ್ನರ ವಿರುದ್ಧ ದಂಗೆಯೆದ್ದ ಬಾರ್ ಕೊಖ್ಬಾನನ್ನು ಧರ್ಮಗುರು ರಬ್ಬಿ ಅಕಿವನಂಥವನೇ ಮೆಸ್ಸೀಯನೆಂದು ನಂಬಿದ್ದ. ಬಾರ್ ಕೊಖ್ಬಾ 135ರಲ್ಲಿ ಸತ್ತಾಗ ಆ ನಿರೀಕ್ಷೆ ಮುಗಿಯಿತು. ಕ್ರೈಸ್ತರಿಗೆ ಸಾವು ಸೋಲಲ್ಲ, ಯೇಸು ಬಂದದ್ದೇ ಅದಕ್ಕೆ. ಪುನರುತ್ಥಾನ ಅದಕ್ಕೆ ಸಾಕ್ಷಿ. ಉಳಿದದ್ದು ಎರಡನೇ ಬರುವಿಕೆಯಲ್ಲಿ. ಯೇಸು ಪರಲೋಕಕ್ಕೆ ಏರಿಹೋದದ್ದೂ ಇದೇ ಗುಡ್ಡದಿಂದ, ಹೋದ ರೀತಿಯಲ್ಲೇ ಮರಳಿ ಬರುತ್ತಾನೆ ಎನ್ನುತ್ತದೆ ಅಪೊಸ್ತಲರ ಕೃತ್ಯಗಳು. ಹಾಗಾಗಿ ಇಬ್ಬರೂ ಇನ್ನೂ ಕಾಯುತ್ತಲೇ ಇದ್ದಾರೆ.

ಸಮಯವಿದ್ದರೆ ಮೃತ ಸಮುದ್ರದ ದಡದ ಕುಮ್ರಾನಿಗೂ ಹೋಗಿ. ಅಲ್ಲಿನ ಗುಹೆಯಲ್ಲಿ ಸಿಕ್ಕ, ‘ಸಮುದಾಯದ ನಿಯಮ’ ಎಂಬ ಪುರಾತನ ಯೆಹೂದ್ಯ ಸುರುಳಿ ಒಬ್ಬ ಪ್ರವಾದಿಯ ಜೊತೆಗೆ ಇಬ್ಬರು ಮೆಸ್ಸೀಯರನ್ನು ಹೇಳುತ್ತದೆ: ಆರೋನನ ಕಡೆಯ ಯಾಜಕ, ಇಸ್ರಾಯೇಲಿನ ಅರಸ. ಆ ಕಾಲದಲ್ಲಿ ಎಲ್ಲರ ನಿರೀಕ್ಷೆ ಒಂದೇ ಅಚ್ಚಿನದಾಗಿರಲಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ. ಸುರುಳಿಗಳಿಗಾಗಿ ಮಾತ್ರ ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯಕ್ಕೇ ಬರಬೇಕು. ಶುಕ್ರವಾರ ಬೇಗ ಮುಚ್ಚುತ್ತದೆ. 17 ಚರ್ಮದ ಹಾಳೆ ಹೊಲಿದು ಮಾಡಿದ, 7.34 ಮೀಟರ್ ಉದ್ದದ, 54 ಅಂಕಣಗಳ ಯೆಶಾಯನ ಸುರುಳಿ ಇಲ್ಲಿಯದು. ನಡುಮಧ್ಯದ ದುಂಡು ಪೀಠದಲ್ಲಿ ಪ್ರದರ್ಶನಕ್ಕಿರುವುದು ಅದರ ಪ್ರತಿಕೃತಿ. ಮೂಲ ಸುರುಳಿಯನ್ನು ಬೆಳಕಿನಿಂದ ಕಾಪಾಡಿ ಇಟ್ಟಿದ್ದಾರೆ. ಹೋಗುವ ಮೊದಲು ಕನ್ನಡ ಬೈಬಲಿನ ಯೆಶಾಯ 53ನೇ ಅಧ್ಯಾಯವನ್ನು ಮೊಬೈಲಿಗೆ ಹಾಕಿಕೊಳ್ಳಿ. ನೋವುಂಡ ಆ ಸೇವಕ ಇಸ್ರಾಯೇಲ್ ಜನಾಂಗವೇ ಎಂದು ಮಧ್ಯಯುಗದ ಯೆಹೂದ್ಯ ಪಂಡಿತ ರಾಶಿ ವ್ಯಾಖ್ಯಾನಿಸಿದ. ಕ್ರೈಸ್ತರು ಅದರಲ್ಲಿ ಶಿಲುಬೆಯನ್ನು ಕಂಡರು. ಯೇಸು ಹುಟ್ಟುವ ಮೊದಲೇ ಬರೆದಿಟ್ಟ ಆ ಸಾಲುಗಳು ಈ ಸುರುಳಿಯಲ್ಲಿವೆ.