ಹ್ಯಾಮೆಟ್ ಬರೆಯೋದನ್ನು ಯಾಕೆ ನಿಲ್ಲಿಸಿದ?

ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಡ್ಯಾಶಿಯಲ್ ಹ್ಯಾಮೆಟ್‌ನ ಪುಸ್ತಕವನ್ನು ನಾನು ಯಾರಿಗೆ ಓದಲು ಕೊಟ್ಟರೂ, ವಾಪಸ್ ಕೊಡುವಾಗ ಅವರು ಕೇಳುವುದು ಇದನ್ನೇ. ಐದು ಕಾದಂಬರಿ ಬರೆದವನು ಆರನೆಯದನ್ನು ಯಾಕೆ ಬರೆಯಲಿಲ್ಲ? ಮೊದಲನೆಯದು ಬಂದಿದ್ದು 1929ರಲ್ಲಿ, ಐದನೆಯದು 1934ರಲ್ಲಿ. ಆಸಾಮಿ ತೀರಿಕೊಂಡದ್ದು 1961ರಲ್ಲಿ.

ಕುಡಿತ ಅಂತ ಹೇಳಿ ಮುಗಿಸುವವರೇ ಜಾಸ್ತಿ. ವಿಪರೀತ ಕುಡಿಯುತ್ತಿದ್ದ, ನಿಜ. ಆದರೆ ಒಳ್ಳೆಯ ಪುಸ್ತಕಗಳನ್ನು ಬರೆಯುವಾಗಲೂ ಕುಡಿಯುತ್ತಿದ್ದ ಅಲ್ವಾ?

ನನ್ನ ಉತ್ತರ ಬೇರೆ. ಅವನ ಮೊದಲಿನ ಕೆಲಸ ನೋಡಿ. 1915ರಲ್ಲಿ, 21ನೇ ವಯಸ್ಸಿಗೆ, ಬಾಲ್ಟಿಮೋರ್‌ನಲ್ಲಿ ಪಿಂಕರ್ಟನ್ ಪತ್ತೇದಾರಿ ಕಂಪನಿ ಸೇರಿದ. ಯಾರದೋ ಹಿಂದೆ ಬೀಳೋದು, ಕಾಯೋದು, ಕಂಡದ್ದನ್ನು ವರದಿ ಬರೆದು ಕೊಡೋದು. ಅಂಥ ವರದಿಯಲ್ಲಿ 'ಅವನಿಗೆ ಬೇಸರವಾಗಿತ್ತು' ಅಂತ ಬರೆಯುವ ಹಾಗಿಲ್ಲ. ಎಷ್ಟು ಹೊತ್ತಿಗೆ ಬಂದ, ಏನು ಮಾಡಿದ, ಅಷ್ಟೇ. ಆಮೇಲೆ ಸೈನ್ಯಕ್ಕೆ ಹೋಗಿ ಜ್ವರ ಹಿಡಿಸಿಕೊಂಡ, ಅದರ ಹಿಂದೆಯೇ ಕ್ಷಯ. ಬೀದಿ ಸುತ್ತುವ ಕೆಲಸಕ್ಕೆ ಮೈ ಒಗ್ಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಂಡತಿ, ಮಗು, ಬಾಡಿಗೆ. ಬ್ಲ್ಯಾಕ್ ಮಾಸ್ಕ್ ಅನ್ನೋ ಅಗ್ಗದ ಪತ್ರಿಕೆಗೆ ಕಥೆ ಬರೆಯತೊಡಗಿದ.

ದಿ ಮಾಲ್ಟೀಸ್ ಫಾಲ್ಕನ್ ಕಾದಂಬರಿಯಲ್ಲಿ ಪತ್ತೇದಾರ ಸ್ಪೇಡ್‌ಗೆ ನಡುರಾತ್ರಿ ಫೋನ್ ಬರುತ್ತದೆ. ಪಾಲುದಾರನ ಕೊಲೆಯಾಗಿದೆ. ಸ್ಪೇಡ್ ಏನು ಮಾಡುತ್ತಾನೆ? ಹಾಸಿಗೆ ಮೇಲೆ ಕೂತು ಸಿಗರೇಟು ಸುತ್ತುತ್ತಾನೆ. ಕಾಗದ ಹಿಡಿಯುತ್ತಾನೆ, ಹೊಗೆಸೊಪ್ಪು ಉದುರಿಸಿ ಸಮವಾಗಿ ಹರಡುತ್ತಾನೆ, ನಡುವೆ ಚೂರು ತಗ್ಗು ಮಾಡುತ್ತಾನೆ, ಸುತ್ತಿ ಅಂಚಿಗೆ ನಾಲಿಗೆ ಹಚ್ಚುತ್ತಾನೆ. ದುಃಖವೋ, ನಿರಾಳವೋ? ಹ್ಯಾಮೆಟ್ ಹೇಳೋದಿಲ್ಲ. ನನ್ನ ಕಣ್ಣಿಗೆ ಅದು ಪಕ್ಕಾ ಪಿಂಕರ್ಟನ್ ವರದಿ. ಅದನ್ನು ಓದುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಇನ್ನು ಐದನೆಯದು, ದಿ ಥಿನ್ ಮ್ಯಾನ್. ಅಷ್ಟು ಹೊತ್ತಿಗೆ ಹಾಲಿವುಡ್ ದುಡ್ಡು ಬಂದಿತ್ತು. ಅದರ ನಾಯಕ ಪತ್ತೇದಾರಿಕೆ ಬಿಟ್ಟವನು. ಹೆಂಡತಿ ಶ್ರೀಮಂತೆ, ಮಾವನ ಆಸ್ತಿ ನೋಡಿಕೊಳ್ಳುತ್ತಾನೆ, ನ್ಯೂಯಾರ್ಕ್ ಹೋಟೆಲಿನಲ್ಲಿ ಬೆಳಗ್ಗಿನಿಂದಲೇ ಗ್ಲಾಸು. ಹ್ಯಾಮೆಟ್ ರಾಜೀನಾಮೆ ಕೊಟ್ಟದ್ದೇ ಆ ಪುಸ್ತಕದಲ್ಲಿ ಅಂತ ನನ್ನ ಅನಿಸಿಕೆ. ಬೀದಿಯಿಂದ ತಂದ ಸರಕು ಖರ್ಚಾಗಿತ್ತು. ಅವನೂ ಮುಂದೆ ಒಬ್ಬ ಪತ್ರಕರ್ತನಿಗೆ, ಬರೆದದ್ದನ್ನೇ ಬರೆಯತೊಡಗಿದ್ದೆ, ಅದಕ್ಕೇ ನಿಲ್ಲಿಸಿದೆ ಅಂದಿದ್ದ.

ಉಳಿದದ್ದು ತನ್ನ ಕಥೆ. ಅದನ್ನು ಬರೆಯುವುದು ಅವನಿಗೆ ಬರುತ್ತಿರಲಿಲ್ಲ. ಅವನ ಎಷ್ಟೋ ಕಥೆಗಳಲ್ಲಿ 'ನಾನು' ಅಂತ ಹೇಳಿಕೊಳ್ಳುವ ಪತ್ತೇದಾರನಿಗೆ ಒಂದು ಹೆಸರನ್ನೂ ಇಡಲಿಲ್ಲ ಪುಣ್ಯಾತ್ಮ!

1951ರಲ್ಲಿ, ಕಮ್ಯುನಿಸ್ಟ್ ನಾಯಕರಿಗೆ ಜಾಮೀನು ಕೊಟ್ಟ ನಿಧಿಗೆ ಯಾರ್ಯಾರು ದುಡ್ಡು ಹಾಕಿದ್ದರು ಅಂತ ಕೋರ್ಟು ಕೇಳಿತು. ಬಾಯಿ ಬಿಡಲಿಲ್ಲ. ಸುಮಾರು ಐದು ತಿಂಗಳು ಜೈಲು, ಅಲ್ಲಿ ಕಕ್ಕಸು ತೊಳೆಯುವ ಕೆಲಸ. ಹೊರಗೆ ಬಂದ ಮೇಲೆ ಟ್ಯುಲಿಪ್ ಅಂತ ಒಂದು ಕಾದಂಬರಿ ಶುರು ಮಾಡಿದ. ಅದರಲ್ಲಿ ಆಗಷ್ಟೇ ಜೈಲಿನಿಂದ ಬಂದ ಲೇಖಕ ಇದ್ದಾನೆ. ಹಳೆಯ ಗೆಳೆಯನೊಬ್ಬ ಬಂದು, ನನ್ನ ಬಗ್ಗೆ ಬರಿ ಅಂತ ಪೀಡಿಸುತ್ತಾನೆ. ಲೇಖಕ ಒಲ್ಲೆ ಅನ್ನುತ್ತಾನೆ. ಅದನ್ನೂ ಹ್ಯಾಮೆಟ್ ಅರ್ಧಕ್ಕೇ ಬಿಟ್ಟ.