ಹಳಿ ಏರಿಸಿದ ದಿನ

ಮರಗೆಲಸ ಮುಗಿದ ಮಾತ್ರಕ್ಕೆ ಗಾಲಿ ಗಾಲಿಯಾಗುವುದಿಲ್ಲ. ಎತ್ತಿ ಅಲ್ಲಾಡಿಸಿದರೆ ಕೀಲುಗಳೆಲ್ಲ ಕಟಕಟ ಅನ್ನುತ್ತವೆ. ಅದನ್ನು ಬಿಗಿಯುವುದು ಹೊರಸುತ್ತಿಗೆ ತೊಡಿಸುವ ಕಬ್ಬಿಣದ ಬಳೆ, ಅಂದರೆ ಹಳಿ. ಹಳಿ ಗಾಲಿಗಿಂತ ಎಷ್ಟು ಚಿಕ್ಕದಿರಬೇಕು ಅನ್ನುವುದೇ ಆ ದಿನದ ಲೆಕ್ಕ.

ಸ್ಪರ್ಧೆಗೆ ಓಡಿಸುವ ಒಂಟಿ ಕುದುರೆ ಗಾಡಿಯ ಜೋಡಿ ಗಾಲಿ, ಇಂಗ್ಲೆಂಡಿನ ಪದ್ಧತಿ. ನಡುವಿನ ಗುಂಬ ಎಲ್ಮ್ ಮರದ್ದು. ಎಳೆಗಳು ಹೆಣೆದುಕೊಂಡಿರುವುದರಿಂದ ಹನ್ನೆರಡು ತೂತು ಕೊರೆದರೂ ಸೀಳುವುದಿಲ್ಲ. ಗುಂಬದಿಂದ ಹೊರಸುತ್ತಿಗೆ ಚಾಚುವ ಅರೆಕಾಲು ಓಕ್, ಅದೂ ಗರಗಸಕ್ಕೆ ಕೊಡದೆ ಎಳೆಯುದ್ದಕ್ಕೆ ಸೀಳಿದ್ದು. ಹೊರಸುತ್ತಿನ ಆರು ಬಾಗುತುಂಡುಗಳು ಆಷ್, ಪ್ರತಿ ತುಂಡಿಗೆ ಎರಡು ಅರೆಕಾಲು.

ಗಾಲಿಯ ವ್ಯಾಸ 42 ಇಂಚು, ಸುತ್ತಳತೆ ಸುಮಾರು 132. ತುಂಡುಗಳ ನಡುವೆ ಬೇಕೆಂದೇ 1/16 ಇಂಚು ಸಂದು ಬಿಟ್ಟಿರುತ್ತೇವೆ; ಆರು ಸೇರಿ 3/8. ಹಳಿಯ ಒಳಸುತ್ತು ಗಾಲಿಗಿಂತ ಅರ್ಧ ಇಂಚು ಕಮ್ಮಿ. ಸಂದು ಮುಚ್ಚಲು 3/8 ಹೋಯಿತು, ಉಳಿದ 1/8 ಅರೆಕಾಲುಗಳನ್ನು ಗುಂಬದೊಳಕ್ಕೆ ಒತ್ತುತ್ತದೆ. ಅಳತೆಗೆ ಟೇಪು ಬೇಡ. ಹಿಡಿಯಿರುವ ಪುಟ್ಟ ಅಳತೆಚಕ್ರವನ್ನು ಸೀಮೆಸುಣ್ಣದ ಗುರುತಿನಿಂದ ಗುರುತಿಗೆ ಮೊದಲು ಗಾಲಿಯ ಮೇಲೆ, ಆಮೇಲೆ ಹಳಿಯೊಳಗೆ ಉರುಳಿಸಿ ಸುತ್ತು ಎಣಿಸುವುದು.

ಹಳಿಯನ್ನು ನೆಲದ ಮೇಲಿಟ್ಟು ಸುತ್ತ ಸೌದೆ ಪೇರಿಸಿ ಬೆಂಕಿ. ನಮ್ಮೂರ ಎತ್ತಿನ ಗಾಡಿಗೆ ಬೆರಣಿ ಜೋಡಿಸಿದ ಹಾಗೆಯೇ. 500 ಡಿಗ್ರಿ ಏರಿದರೆ ಇಷ್ಟುದ್ದದ ಕಬ್ಬಿಣ ಮುಕ್ಕಾಲು ಇಂಚಿಗೂ ಮಿಕ್ಕಿ ಹಿಗ್ಗುತ್ತದೆ. ಬಣ್ಣ ನೋಡಿ ಮೋಸಹೋಗಬಾರದು, ಬಿಸಿಲಲ್ಲಿ ಕೆಂಪು ಕಾಣುವುದೇ ಇಲ್ಲ. ಒಣಕಡ್ಡಿ ಉಜ್ಜಿದಾಗ ಕೂಡಲೇ ಕಿಡಿಯೆದ್ದರೆ ಹದ ಬಂತು. ಮೂರು ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಕೂರಿಸಿ, ಸುತ್ತಿಗೆಯಿಂದ ಸಮಮಾಡಿ, ಮರ ಹೊತ್ತುವ ಮೊದಲೇ ನೀರು. ಹೊಗೆಯ ನಡುವೆ ಕೀಲುಗಳು ಒಂದೊಂದಾಗಿ ಚಟಚಟನೆ ಕೂರುವ ಸದ್ದು ಕೇಳಬೇಕು. ಕೇಳದಿದ್ದರೆ ಹಳಿ ಸಡಿಲ.

ಮೊದಲನೆಯದು ಸರಿಯಾಗಿ ಕೂತಿತು. ಎರಡನೆಯದು ಕೆಟ್ಟಿತು. ಗಾಲಿಗೆ ತಟ್ಟೆಯಂಥ ಕುಳಿ ಇರಲೇಬೇಕು. ಅಚ್ಚಿನ ತುದಿ ತುಸು ಕೆಳಕ್ಕೆ ಬಾಗಿರುವುದರಿಂದ ಭಾರ ಹೊರುವ ಕೆಳಗಿನ ಅರೆಕಾಲು ಆಗ ನೆಟ್ಟಗೆ ನಿಲ್ಲುತ್ತದೆ. ಅರ್ಧ ಇಂಚಿದ್ದ ಆ ಕುಳಿ ಇದರಲ್ಲಿ ಒಂದು ಇಂಚು ದಾಟಿತ್ತು. ಒದ್ದೆ ಗೋಡೆಗೆ ಒರಗಿಸಿಟ್ಟ ಗಾಲಿ ಅದು. ಮರ ಉಬ್ಬಿ ಸಂದುಗಳೆಲ್ಲ ಮುಚ್ಚಿಕೊಂಡಿದ್ದವು. ಮೊದಲಿನ ಲೆಕ್ಕದಲ್ಲೇ ಹಳಿ ಕತ್ತರಿಸಿದ್ದರಿಂದ ಅರ್ಧ ಇಂಚಿನ ಬಿಗಿಯೆಲ್ಲ ಅರೆಕಾಲುಗಳ ಮೇಲೆಯೇ ಬಿತ್ತು.

ಸ್ಪರ್ಧೆಯ ಗಾಡಿಯಲ್ಲಿ ಇದನ್ನು ನಡೆಯಲಿ ಬಿಡು ಅನ್ನಲಾಗದು. ಕುದುರೆಯ ನಡೆ ನೋಡುವ ಡ್ರೆಸಾಜ್‌ಗೂ ಶಂಕುಗಳ ನಡುವೆ ಗಾಡಿ ಓಡಿಸುವ ಕೋನ್‌ಗೂ ಒಂಟಿ ಕುದುರೆ ಗಾಡಿಯಲ್ಲಿ ಗಾಲಿಯಿಂದ ಗಾಲಿಗೆ ಇರುವ ಅಗಲ ನೆಲಮಟ್ಟದಲ್ಲಿ ಕನಿಷ್ಠ 138 ಸೆಂ.ಮೀ. ಇರಬೇಕು; ಒಂದು ಗಾಲಿಯ ಕುಳಿ ಹೆಚ್ಚಾದರೆ ಆ ಅಳತೆಯೇ ಸರಿಯುತ್ತದೆ. ಕೋನ್‌ಗಳ ನಡುವೆ ಗಾಲಿ ಓಲಾಡಿ ಅವುಗಳ ತಲೆಯ ಮೇಲಿನ ಚೆಂಡು ಉರುಳಿಸಿದರೆ ಚೆಂಡಿಗೆ 3 ದಂಡದ ಅಂಕ. ಗಾಳಿ ತುಂಬಿದ ಟೈರಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಜಾಗವಿಲ್ಲ, ಹಾಗಾಗಿ ಮರದ ತಪ್ಪನ್ನು ಅದರ ಮರೆಯಲ್ಲಿ ಅಡಗಿಸುವ ಉಪಾಯವೂ ಇಲ್ಲ.

ಹಳಿ ಕೊಯ್ದು ತೆಗೆದೆವು. ಅಂದೇ ತುಂಡು ಸೇರಿಸಿ ಬೆಸೆದು ಮತ್ತೆ ಏರಿಸಬಹುದಿತ್ತು, ಆದರೆ ಹಸಿ ಮರ ಒಣಗಿದ ಮೇಲೆ ಅದೇ ಹಳಿ ಜಾರಿಬೀಳುತ್ತದೆ. ಗಾಲಿಯನ್ನು ಅಟ್ಟದ ಮೇಲೆ ನೇತುಹಾಕಿ, ಸಂದುಗಳ ಪಕ್ಕದಲ್ಲಿ ಸೀಸಕಡ್ಡಿಯಿಂದ ಅಳತೆ ಬರೆದಿಟ್ಟೆವು.